ನೆಲ ಬಲ್ಲವರು ನಿವೃತ್ತರಾದಾಗ

2019ರ ಜುಲೈನಲ್ಲಿ ಅಮೆರಿಕ ಸರ್ಕಾರ ತನ್ನ ಭೂ ಇಲಾಖೆಯೊಂದರ ಕೇಂದ್ರ ಕಚೇರಿಯನ್ನು ವಾಷಿಂಗ್ಟನ್‌ನಿಂದ ಕೊಲರಾಡೊ ರಾಜ್ಯದ ಗ್ರ್ಯಾಂಡ್ ಜಂಕ್ಷನ್‌ಗೆ ಸಾಗಿಸುವುದಾಗಿ ಪ್ರಕಟಿಸಿತು. ಇಲಾಖೆಯ ಹೆಸರು ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್. ಬಿಎಲ್‌ಎಂ ಎಂದೇ ರೂಢಿ. ಇಲಾಖೆ ನೋಡಿಕೊಳ್ಳುವ ಜಮೀನು ಬಹುಪಾಲು ಪಶ್ಚಿಮದ ರಾಜ್ಯಗಳಲ್ಲಿರುವಾಗ ಅಧಿಕಾರಿಗಳೂ ಅಲ್ಲೇ ಇರಲಿ ಎಂಬುದು ಕೊಟ್ಟ ಕಾರಣ. ಕೇಳುವುದಕ್ಕೆ ಸರಿಯಾಗಿಯೇ ಇತ್ತು. ವಾಷಿಂಗ್ಟನ್ ಬಿಟ್ಟು ಹೋಗಬೇಕಿದ್ದ ಹುದ್ದೆಗಳು 328. ಹೊಸ ಜಾಗಗಳಿಗೆ ಹೋದವರು 41 ಮಂದಿ. ಉಳಿದ 287 ಮಂದಿ ನಿವೃತ್ತಿ ತೆಗೆದುಕೊಂಡರು, ಇಲ್ಲವೇ ಬೇರೆ ಕೆಲಸ ನೋಡಿಕೊಂಡರು. ಗ್ರ್ಯಾಂಡ್ ಜಂಕ್ಷನ್‌ಗೆ ಹೋದವರು ಮೂವರೇ. 2021ರಲ್ಲಿ, ಸರ್ಕಾರ ಬದಲಾದ ಮೇಲೆ, ಕೇಂದ್ರ ಕಚೇರಿ ಮತ್ತೆ ವಾಷಿಂಗ್ಟನ್‌ಗೆ ಎಂದು ತೀರ್ಮಾನವಾಯಿತು. ಕಚೇರಿಯನ್ನು ವಾಪಸ್ ತರಲು ಒಂದು ಸಹಿ ಸಾಕು. ಹುಲ್ಲುಗಾವಲು, ಗಣಿ ಗುತ್ತಿಗೆ, ಗಡಿ ತಕರಾರುಗಳಲ್ಲೇ ತಲೆ ಬೆಳ್ಳಗಾದವರನ್ನು ವಾಪಸ್ ತರುವಂಥ ಸಹಿ ಯಾವ ಮಂತ್ರಿಯ ಬಳಿಯೂ ಇಲ್ಲ.

ಹಾಗೆ ಹೊರಟುಹೋಗುವ ಅನುಭವವನ್ನು ಅನುದಾನ ಕೊಟ್ಟು ಸ್ವಲ್ಪಕಾಲವಾದರೂ ಹಿಡಿದಿಟ್ಟುಕೊಳ್ಳುವ ಪ್ರಯತ್ನವನ್ನು ಅದೇ ದೇಶ ದಶಕಗಳಿಂದ ಮಾಡುತ್ತ ಬಂದಿದೆ. 55 ವರ್ಷ ದಾಟಿದವರನ್ನು ಕಾಡು, ಹುಲ್ಲುಗಾವಲು, ನೆಲ-ಜಲ ಸಂರಕ್ಷಣೆಯ ಕೆಲಸಕ್ಕೆ ಹಚ್ಚುವ ಯೋಜನೆಗಳು ಅವು. ಅಂಥ ಅನುದಾನ ಬೇಕು ಎಂದೇ ನನ್ನ ವಾದ. ಆದರೆ ಆ ಹಣ ಕೊಳ್ಳಬೇಕಾದದ್ದು ಹಿರಿಯರ ಕಲಿಸುವಿಕೆಯನ್ನು. ಅವರ ಅಗ್ಗದ ದುಡಿಮೆಯನ್ನಷ್ಟೇ ಕೊಂಡರೆ, ಖಾಲಿ ಹುದ್ದೆಗಳನ್ನು ಖಾಲಿಯಾಗಿಯೇ ಇಡಲು ಸರ್ಕಾರಕ್ಕೆ ಇನ್ನೊಂದು ನೆಪ ಸಿಕ್ಕಂತೆ.

ಬಿಎಲ್‌ಎಂ ಕೈಯಲ್ಲಿರುವ ನೆಲ ಸುಮಾರು 24.5 ಕೋಟಿ ಎಕರೆ. ಐದು ಕರ್ನಾಟಕಗಳನ್ನು ಜೋಡಿಸಿದರೆ ಅಷ್ಟಾಗುತ್ತದೆ. ಅದನ್ನು ನೋಡಿಕೊಳ್ಳುವ ನೌಕರರು ಹತ್ತು ಸಾವಿರದ ಆಸುಪಾಸು. ಇದರ ಜೊತೆಗೆ ಅರಣ್ಯ ಇಲಾಖೆಯ 19.3 ಕೋಟಿ ಎಕರೆ ಬೇರೆ. 1976ರ ಕಾಯ್ದೆಯ ಪ್ರಕಾರ ಬಿಎಲ್‌ಎಂ ತನ್ನ ನೆಲವನ್ನು ಒಂದೇ ಉಪಯೋಗಕ್ಕೆ ಮೀಸಲಿಡುವಂತಿಲ್ಲ. ದನ ಮೇಯಬೇಕು, ಗಣಿ ನಡೆಯಬೇಕು, ತೈಲ ತೆಗೆಯಬೇಕು, ಜನ ಚಾರಣ ಮಾಡಬೇಕು, ಕಾಡುಕುದುರೆ ಬದುಕಬೇಕು, ಮುಂದಿನ ತಲೆಮಾರಿಗೂ ಏನಾದರೂ ಉಳಿಯಬೇಕು. ಮೇವಿನ ಪರವಾನಗಿಗಳೇ ಸುಮಾರು 18,000. ಒಂದೊಂದು ಪರವಾನಗಿಯ ಹಿಂದೆಯೂ ಒಂದು ಕುಟುಂಬ, ಒಂದು ಹಳ್ಳ, ಒಂದು ಬೇಲಿ, ಆ ಬೇಲಿಯ ಬಗ್ಗೆ ಹಳೆಯ ಜಗಳ ಇರುತ್ತವೆ. ಕಡತದಲ್ಲಿ ಜಗಳದ ತೀರ್ಪು ಸಿಗಬಹುದು. ಜಗಳ ಯಾಕೆ ಹುಟ್ಟಿತು, ಯಾರು ಯಾವ ಮಾತಿಗೆ ಒಪ್ಪಿ ಸುಮ್ಮನಾದರು ಎನ್ನುವುದು ಅಂದು ಅಲ್ಲಿ ನಿಂತಿದ್ದವರಿಗಷ್ಟೇ ಗೊತ್ತು.

ಈ ಮಾತನ್ನು ಸರ್ವೆಯ ಕೆಲಸದಷ್ಟು ಚೆನ್ನಾಗಿ ತೋರಿಸಿಕೊಡುವುದು ಇನ್ನೊಂದಿಲ್ಲ. 1785ರಿಂದ ಅಮೆರಿಕ ತನ್ನ ಸಾರ್ವಜನಿಕ ನೆಲವನ್ನು ಆರು ಮೈಲಿ ಚೌಕಗಳಾಗಿ, ಪ್ರತಿ ಚೌಕವನ್ನು 36 ತುಂಡುಗಳಾಗಿ ಅಳೆಯುತ್ತ ಬಂತು. ಒಂದು ತುಂಡಿಗೆ 640 ಎಕರೆ. ಅಳತೆಗಾರರು ಮೂಲೆಗಳಲ್ಲಿ ಗುರುತು ಕೊರೆದ ಕಲ್ಲು ನೆಟ್ಟರು. ಹತ್ತಿರದ ಒಂದೆರಡು ಮರಗಳ ತೊಗಟೆ ಕೆತ್ತಿ, ಒಳಮರದ ಮೇಲೆ ಅಂಕಿ-ಅಕ್ಷರ ಕೊರೆದು, ಮರದಿಂದ ಕಲ್ಲಿಗೆ ಇಷ್ಟು ದೂರ, ಈ ದಿಕ್ಕು ಎಂದು ಪುಸ್ತಕದಲ್ಲಿ ಬರೆದರು. ನೂರು ವರ್ಷ ಕಳೆದ ಮೇಲೆ ಕಲ್ಲು ಮಣ್ಣಿನಡಿ ಸೇರಿರುತ್ತದೆ. ಮರ ತನ್ನ ಗಾಯವನ್ನು ಮುಚ್ಚಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ತೊಗಟೆಯ ಮೇಲೆ ಉದ್ದನೆಯ ಒಂದು ಮಡಿಕೆ, ಅಷ್ಟೇ. ಆ ಮಡಿಕೆಯನ್ನು ಗುರುತಿಸಬಲ್ಲ ಕಣ್ಣು ಬೇಕು. ಎಚ್ಚರದಿಂದ ಕತ್ತರಿಸಿ ತೆಗೆದರೆ ಒಳಗೆ ಹಳೆಯ ಅಕ್ಷರಗಳು ಹಾಗೇ ಇರುತ್ತವೆ. ಅದರ ಮೇಲೆ ಬೆಳೆದು ಕೂತ ಮರದ ತುಂಡಿನ ಒಳಮೈಯಲ್ಲಿ ಅವೇ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡಿರುತ್ತವೆ.

ಇದನ್ನು ಉಪಗ್ರಹದಿಂದ ಮಾಡಬಾರದೇ ಎಂದು ಕೇಳಬಹುದು. ಉಪಗ್ರಹ ಈಗ ನಿಂತಿರುವ ಜಾಗವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಆದರೆ ಮೂಲ ಅಳತೆಗಾರ ಕಲ್ಲು ನೆಟ್ಟದ್ದು ಎಲ್ಲಿ ಎಂದು ಅದು ಹೇಳಲಾರದು. ಅಮೆರಿಕದ ಕಾನೂನಿನಲ್ಲಿ ಗಡಿ ನಿರ್ಧರಿಸುವುದು ಮೂಲ ಕಲ್ಲೇ. ಅಳತೆ ತಪ್ಪಿದ್ದರೂ ಕಲ್ಲು ಇದ್ದಲ್ಲೇ ಗಡಿ. ಹಾಗಾಗಿ ಗಣಿ ಕಂಪನಿಗೂ ಸರ್ಕಾರಿ ನೆಲಕ್ಕೂ ನಡುವಿನ ಮೊಕದ್ದಮೆ ಕೊನೆಗೆ ಬಂದು ನಿಲ್ಲುವುದು ಆ ಮರವನ್ನು ಓದಬಲ್ಲವರು ಇದ್ದಾರೋ ಇಲ್ಲವೋ ಎಂಬಲ್ಲಿಗೆ. ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ ಬಂದ ಹುಡುಗಿಗೆ ಯಂತ್ರ ಗೊತ್ತಿರುತ್ತದೆ. ಮರ ಓದುವುದನ್ನು ಯಾರಾದರೂ ಜೊತೆಗೆ ನಿಂತು ತೋರಿಸಬೇಕು.

ಈ ಅರಿವು ಅಮೆರಿಕಕ್ಕೆ ಹೊಸದಲ್ಲ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಕಟ್ಟಿ ಕೆಲಸವಿಲ್ಲದ ಯುವಕರನ್ನು ಕಾಡಿಗೆ ಕಳಿಸಿದರು. 1942ರವರೆಗೆ ಸುಮಾರು 30 ಲಕ್ಷ ಮಂದಿ ಅಲ್ಲಿ ದುಡಿದರು, ಇನ್ನೂರು ಕೋಟಿಗೂ ಹೆಚ್ಚು ಸಸಿ ನೆಟ್ಟರು. ಆ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಯುವಕರ ಬಗ್ಗೆಯಷ್ಟೇ ಹೇಳುತ್ತಾರೆ. ಪಟ್ಟಣದಿಂದ ಬಂದ ಆ ಹುಡುಗರಲ್ಲಿ ಎಷ್ಟೋ ಮಂದಿ ಕೊಡಲಿಯನ್ನೇ ಹಿಡಿದವರಲ್ಲ. ಅವರಿಗೆ ಕೆಲಸ ಕಲಿಸಲೆಂದು ಸರ್ಕಾರ ಆಯಾ ಊರಿನ ಅನುಭವಿ ಮರಕಡಿಯುವವರನ್ನು, ಬಡಗಿಗಳನ್ನು ಸಂಬಳ ಕೊಟ್ಟು ನೇಮಿಸಿಕೊಂಡಿತು. ‘ಸ್ಥಳೀಯ ಅನುಭವಿಗಳು’ ಎಂಬುದೇ ಅವರ ಹುದ್ದೆಯ ಹೆಸರು. ಹೊರಗಿನ ಹುಡುಗರು ಬಂದು ನಮ್ಮ ಕಾಡಿನ ಕೆಲಸ ಕಸಿದುಕೊಂಡರು ಎಂಬ ಊರವರ ಸಿಟ್ಟನ್ನು ತಣಿಸುವ ಉದ್ದೇಶವೂ ಅದರಲ್ಲಿತ್ತು. ಉದ್ದೇಶ ಏನೇ ಇರಲಿ, ವ್ಯವಸ್ಥೆ ಸರಿಯಾಗಿತ್ತು. ಹಿರಿಯನಿಗೆ ಕೂಲಿ, ಕಿರಿಯನಿಗೆ ವಿದ್ಯೆ, ಕೆಲಸ ಇಬ್ಬರದೂ.

ಮೂವತ್ತು ವರ್ಷಗಳ ಬಳಿಕ ಅದೇ ಎಳೆ ಬೇರೆ ರೂಪದಲ್ಲಿ ಮತ್ತೆ ಕಾಣಿಸಿತು. 1965ರಲ್ಲಿ ರೈತ ಸಂಘಟನೆಯಾದ ನ್ಯಾಷನಲ್ ಫಾರ್ಮರ್ಸ್ ಯೂನಿಯನ್ ‘ಗ್ರೀನ್ ಥಂಬ್’ ಎಂಬ ಕಾರ್ಯಕ್ರಮ ಶುರು ಮಾಡಿ, ವಯಸ್ಸಾದ ಬಡ ರೈತರನ್ನು ಹೆದ್ದಾರಿ ಬದಿಯಲ್ಲಿ, ಉದ್ಯಾನಗಳಲ್ಲಿ ಗಿಡ ಬೆಳೆಸುವ ಕೆಲಸಕ್ಕೆ ತೊಡಗಿಸಿತು. ಸರ್ಕಾರದ ಹಣ ಅದಕ್ಕೆ ಹರಿಯುವಂತೆ ಕಾನೂನಿಗೆ ತಿದ್ದುಪಡಿ ತಂದವರು ವಿಸ್ಕಾನ್ಸಿನ್‌ನ ಸೆನೆಟರ್ ಗೇಲಾರ್ಡ್ ನೆಲ್ಸನ್. ಐದು ವರ್ಷದ ಮೇಲೆ ಭೂದಿನವನ್ನು ಹುಟ್ಟುಹಾಕಿದವರೂ ಇವರೇ. ಮುಂದೆ ಅದು 55 ದಾಟಿದ ಕಡಿಮೆ ಆದಾಯದವರಿಗೆ ವಾರಕ್ಕೆ ಸುಮಾರು 20 ಗಂಟೆ ಕೆಲಸ ಕೊಡುವ ರಾಷ್ಟ್ರೀಯ ಯೋಜನೆಯಾಯಿತು. ಅಮೆರಿಕದ ಅರಣ್ಯ ಇಲಾಖೆ ಹಲವು ದಶಕ ಅದರಲ್ಲಿ ಪಾಲುದಾರನಾಗಿತ್ತು.

1984ರ ಕಾನೂನೊಂದು ಬೇರೆ ದಾರಿ ತೆರೆಯಿತು. ಪರಿಸರ ಸಂರಕ್ಷಣಾ ಸಂಸ್ಥೆಯು ಲಾಭರಹಿತ ಸಂಘಗಳಿಗೆ ಅನುದಾನ ಕೊಡಬಹುದು, ಆ ಸಂಘಗಳು 55 ದಾಟಿದ ಅನುಭವಿಗಳನ್ನು ಆರಿಸಿ ಸಂಸ್ಥೆಯ ಕಚೇರಿಗಳಿಗೆ ಕಳಿಸಬಹುದು ಎಂಬುದು ಅದರ ತಿರುಳು. ಇಲ್ಲಿ ಬಡತನ ಅರ್ಹತೆಯಲ್ಲ, ಅನುಭವವೇ ಅರ್ಹತೆ. 2008ರ ಕೃಷಿ ಕಾಯ್ದೆ ಇದೇ ಮಾದರಿಯನ್ನು ನೆಲ-ಜಲ ಸಂರಕ್ಷಣೆಯ ಕೆಲಸಕ್ಕೆ ತಂದಿತು. ಆಮೇಲೆ ಅದು ರಾಷ್ಟ್ರೀಯ ಅರಣ್ಯಗಳಿಗೂ ಚಾಚಿತು. ಬಿಎಲ್‌ಎಂ ಕೂಡ ಇದೇ ಬಗೆಯ ಅನುದಾನಕ್ಕೆ ಕೈಹಾಕಿತು. ಹೀಗೆ ಬರುವ ಹಿರಿಯರು ಸರ್ಕಾರಿ ನೌಕರರಲ್ಲ. ಕೂಲಿ ಕೊಡುವುದು ಸಂಘ, ಕೆಲಸ ಹೇಳುವುದು ಇಲಾಖೆ, ಹಣ ಖಜಾನೆಯದು.

ಆಕ್ಷೇಪ ಹುಟ್ಟುವುದು ಈ ಏರ್ಪಾಡಿನಲ್ಲೇ. ಕಾಯಂ ನೌಕರನಿಗೆ ಪಿಂಚಣಿ, ಬಡ್ತಿ, ರಜೆ, ಕೆಲಸದ ಭದ್ರತೆ ಕೊಡಬೇಕು. ಅನುದಾನದ ಮೇಲೆ ಬಂದ ಹಿರಿಯರಿಗೆ ಗಂಟೆಯ ಲೆಕ್ಕದಲ್ಲಿ ಕೊಟ್ಟರೆ ಮುಗಿಯಿತು. ಒಪ್ಪಂದ ತೀರಿದ ದಿನ ಸಂಬಂಧವೂ ತೀರುತ್ತದೆ. ಲೆಕ್ಕಪತ್ರ ನೋಡುವ ಅಧಿಕಾರಿಗೆ ಎರಡನೆಯದು ಹಿಡಿಸದೆ ಇದ್ದೀತೇ? ಕೆಲಸವಿಲ್ಲದ ಯುವಕರು ಬಾಗಿಲಲ್ಲಿ ಕಾಯುತ್ತಿರುವಾಗ, ಒಮ್ಮೆ ಸಂಬಳ, ಪಿಂಚಣಿ ಎರಡನ್ನೂ ಕಂಡವರಿಗೆ ಮತ್ತೆ ಅದೇ ಕುರ್ಚಿ ಯಾಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾನೂನು ಬರೆದವರೂ ಕಂಡಿಲ್ಲ. 2008ರ ಕಾಯ್ದೆಯಲ್ಲೇ ಸ್ಪಷ್ಟವಾದ ತಡೆಗಳಿವೆ: ಹಿರಿಯರನ್ನು ತೆಗೆದುಕೊಂಡದ್ದರಿಂದ ಇಲಾಖೆಯ ಯಾವ ನೌಕರನ ಕೆಲಸವೂ ಹೋಗಬಾರದು, ಕೆಲಸದ ಗಂಟೆಯಾಗಲಿ ಸಂಬಳ-ಸವಲತ್ತಾಗಲಿ ಕಡಿಮೆಯಾಗಬಾರದು, ಅದೇ ಕೆಲಸದಿಂದ ಯಾರನ್ನಾದರೂ ಮನೆಗೆ ಕಳಿಸಿದ್ದರೆ ಆ ಜಾಗಕ್ಕೆ ಇವರನ್ನು ಕೂರಿಸಬಾರದು.

ಒಳ್ಳೆಯ ತಡೆಗಳೇ. ಆದರೆ ಒಂದು ಕಿಂಡಿ ಉಳಿದುಬಿಟ್ಟಿದೆ. ಇರುವ ನೌಕರನನ್ನು ತೆಗೆಯಬಾರದು ಎನ್ನುವ ಕಾನೂನು, ನಿವೃತ್ತನಾದವನ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲೇಬೇಕು ಎಂದು ಹೇಳುವುದಿಲ್ಲ. ಹುದ್ದೆ ಸದ್ದಿಲ್ಲದೆ ಖಾಲಿ ಉಳಿದರೆ ಯಾರನ್ನೂ ತೆಗೆದಂತಾಗಲಿಲ್ಲ, ಕೆಲಸವೂ ಹಿರಿಯರಿಂದ ಹೇಗೋ ಸಾಗಿತು. 2025ರಲ್ಲಿ ಈ ಅಪಾಯ ಕಣ್ಣೆದುರಿಗೇ ಬಂತು. ಆ ವರ್ಷದ ಆರಂಭದಲ್ಲಿ ಅರಣ್ಯ ಇಲಾಖೆ ಸುಮಾರು 3,400 ಮಂದಿ ಪ್ರೊಬೇಷನರಿ ನೌಕರರನ್ನು ಕೆಲಸದಿಂದ ತೆಗೆಯಿತು. ಹಿರಿಯರಲ್ಲಿ ಅನೇಕರು ಸರ್ಕಾರ ಮುಂದಿಟ್ಟ ರಾಜೀನಾಮೆ, ಅವಧಿಪೂರ್ವ ನಿವೃತ್ತಿಯ ಕೊಡುಗೆ ಒಪ್ಪಿ ಹೊರಟರು. ಕಲಿಸುವವರೂ ಹೋದರು, ಕಲಿಯುವವರೂ ಹೋದರು. ಇಂಥ ಹೊತ್ತಿನಲ್ಲಿ ಹಿರಿಯರಿಗೆ ಅನುದಾನ ಕೊಟ್ಟು ಕರೆದರೆ ಅವರು ಯಾರಿಗೆ ಕಲಿಸಬೇಕು? ಬೇಲಿ ರಿಪೇರಿ ಮಾಡಿ, ಕಡತ ವಿಲೇವಾರಿ ಮಾಡಿ, ಮತ್ತೆ ಮನೆಗೆ ಹೋಗುತ್ತಾರೆ.

ಆದ್ದರಿಂದ ಇಂಥ ಯೋಜನೆಯನ್ನು ಎಷ್ಟು ಎಕರೆ ಕಳೆ ಕಿತ್ತರು, ಎಷ್ಟು ಕಡತ ಮುಗಿಸಿದರು ಎಂದು ಅಳೆಯಬಾರದು. ಹಿರಿಯರು ಹೊರಟ ಮೇಲೆ ಆ ಕೆಲಸವನ್ನು ಅವರಿಲ್ಲದೆ ಮಾಡಬಲ್ಲ ಎಷ್ಟು ಮಂದಿ ಕಿರಿಯರು ಕಚೇರಿಯಲ್ಲಿದ್ದಾರೆ ಎಂದು ನೋಡಬೇಕು. ಈ ವಿಚಾರದಲ್ಲಿ ಅಮೆರಿಕದ್ದೇ ಒಂದು ನಿಯಮ ನನಗೆ ತುಂಬ ಹಿಡಿಸಿದೆ. 2012ರ ಕಾನೂನು ಕೇಂದ್ರ ಸರ್ಕಾರದ ನೌಕರರಿಗೆ ಹಂತಹಂತವಾಗಿ ನಿವೃತ್ತರಾಗುವ ಅವಕಾಶ ಕೊಟ್ಟಿತು: ಅರ್ಧ ಹೊತ್ತು ಕೆಲಸ, ಅರ್ಧ ಪಿಂಚಣಿ. ಶರತ್ತು ಏನೆಂದರೆ, ಕೆಲಸದ ಸಮಯದಲ್ಲಿ ಕನಿಷ್ಠ ಶೇ 20ರಷ್ಟನ್ನು ಕಿರಿಯರಿಗೆ ಮಾರ್ಗದರ್ಶನ ಮಾಡಲು ಮೀಸಲಿಡಬೇಕು. ಕಲಿಸುವುದನ್ನು ಔದಾರ್ಯಕ್ಕೆ ಬಿಡದೆ ಗಂಟೆಯ ಲೆಕ್ಕಕ್ಕೆ ಸೇರಿಸಿದ ನಿಯಮವಿದು. ಆ ಸೌಲಭ್ಯವನ್ನು ಬಳಸಿಕೊಂಡವರು ಬಹಳ ಕಡಿಮೆ. ಇಲಾಖೆಗಳು ಅದಕ್ಕೆ ಉತ್ಸಾಹ ತೋರಲಿಲ್ಲ. ಹಾಗೆಂದು ನಿಯಮದ ಬೆಲೆ ಕಡಿಮೆಯಾಗುವುದಿಲ್ಲ. ನೆಲದ ಕೆಲಸಕ್ಕೆ ಕೊಡುವ ಪ್ರತಿ ಹಿರಿಯರ ಅನುದಾನದಲ್ಲೂ ಇದೇ ಶರತ್ತು ಇರಬೇಕು. ಶೇ 20 ಸಾಲದು, ಅರ್ಧವಾದರೂ ಇರಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಅನುಭವ ಯಾವಾಗಲೂ ಸರಿಯೇ? ಅಮೆರಿಕದ ಅರಣ್ಯ ಇಲಾಖೆ 1935ರಲ್ಲಿ ಒಂದು ನೀತಿ ತಂದಿತು: ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು. ನಾಲ್ಕು ದಶಕಗಳ ಕಾಲ ಇಡೀ ಇಲಾಖೆ ಅದನ್ನೇ ಶ್ರದ್ಧೆಯಿಂದ ಪಾಲಿಸಿತು. ಸಣ್ಣ ಬೆಂಕಿಯನ್ನೆಲ್ಲ ಆರಿಸಿದ್ದರಿಂದ ನೆಲದ ಮೇಲೆ ಒಣ ಕಟ್ಟಿಗೆ, ಎಳೆಮರಗಳ ಒತ್ತು ಬೆಳೆಯುತ್ತ ಹೋಯಿತು. ಹೊತ್ತಿಕೊಂಡಾಗ ದೊಡ್ಡ ಮರಗಳೂ ಉಳಿಯದಂಥ ಬೆಂಕಿಗೆ ಅದೇ ಉರುವಲಾಯಿತು. ಬಿಎಲ್‌ಎಂ ನೆಲದಲ್ಲೂ ಇಂಥ ಕಥೆಗಳಿವೆ. ಮಣ್ಣು ಹಿಡಿಯಲಿ, ದನಕ್ಕೆ ಮೇವಾಗಲಿ ಎಂದು ಹೊರದೇಶದ ಕ್ರೆಸ್ಟೆಡ್ ವೀಟ್‌ಗ್ರಾಸ್ ಹುಲ್ಲನ್ನು ಲಕ್ಷಾಂತರ ಎಕರೆಯಲ್ಲಿ ಬಿತ್ತಿದರು. ಹಲವೆಡೆ ಅದು ದೇಸಿ ಹುಲ್ಲು, ಗಿಡಗಳನ್ನು ತಲೆಯೆತ್ತಲು ಬಿಡಲಿಲ್ಲ.

ಈ ಕೆಲಸಗಳನ್ನೆಲ್ಲ ಮಾಡಿದವರು ಅನುಭವಿಗಳೇ. ಹಾಗಿದ್ದ ಮೇಲೆ ಅವರನ್ನೇ ಮತ್ತೆ ಕರೆದರೆ ಹಳೆಯ ತಪ್ಪು ಹೊಸಬರ ತಲೆಗೆ ಹತ್ತುವುದಿಲ್ಲವೇ? ಹತ್ತಬಹುದು. ಆದರೆ ನೆಲದ ವಿಷಯದಲ್ಲಿ ತಪ್ಪು ಮಾಡಿದವರ ನೆನಪು ತುಂಬ ಬೆಲೆಯುಳ್ಳದ್ದು. ಯಾವ ಇಳಿಜಾರಿನಲ್ಲಿ ಯಾವ ವರ್ಷ ಯಾವ ಬೀಜ ಬಿತ್ತಿದರು, ಮೊದಲು ಅಲ್ಲಿ ಏನಿತ್ತು, ಮಳೆ ಕೈಕೊಟ್ಟ ವರ್ಷ ಏನಾಯಿತು ಎಂಬುದು ಅರ್ಧಂಬರ್ಧ ತುಂಬಿದ ನಮೂನೆಗಳಲ್ಲಿ ಸಿಗುವುದಿಲ್ಲ. ಬಿತ್ತಿದವರನ್ನು ಕರೆದುಕೊಂಡು ಹೋಗಿ ಅಲ್ಲಿ ನಿಲ್ಲಿಸಿ ಕೇಳಬೇಕು. ತಪ್ಪಿನ ಇತಿಹಾಸ ಗೊತ್ತಿಲ್ಲದ ಹೊಸಬರು ಅದೇ ಇಳಿಜಾರಿನಲ್ಲಿ ಅದೇ ತಪ್ಪನ್ನು ಹೊಸ ಹೆಸರಿನಲ್ಲಿ ಮಾಡಿಯಾರು. ಹಿರಿಯರನ್ನು ತೀರ್ಪು ಕೊಡುವ ಜಾಗದಲ್ಲಿ ಕೂರಿಸಬಾರದು, ಸಾಕ್ಷಿ ಹೇಳುವ ಜಾಗದಲ್ಲಿ ಕೂರಿಸಬೇಕು. ನಿರ್ಧಾರ ಮುಂದಿನ ಮೂವತ್ತು ವರ್ಷ ಆ ನೆಲದ ಜೊತೆ ಬಾಳುವವರದ್ದೇ ಆಗಿರಲಿ.

ಅನುಭವಿಗಳು ಎಂದರೆ ಯಾರು ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ. ಅನುದಾನದ ಅರ್ಜಿಯಲ್ಲಿ ಕೇಳುವುದು ಹಿಂದಿನ ಕೆಲಸದ ವಿವರ, ವಿದ್ಯಾರ್ಹತೆ. ಕ್ಯಾಲಿಫೋರ್ನಿಯಾದ ಯುರೋಕ್, ಕರೂಕ್ ಬುಡಕಟ್ಟುಗಳ ಹಿರಿಯರು ಕಾಡಿಗೆ ಸಣ್ಣ ಬೆಂಕಿ ಇಡುವ ವಿದ್ಯೆಯನ್ನು ಇಲಾಖೆ ಹುಟ್ಟುವುದಕ್ಕೆ ಬಹಳ ಮೊದಲಿನಿಂದ ಬಲ್ಲರು. ಇಲಾಖೆ ಅದನ್ನು ಅಪರಾಧವೆಂದು ಕಂಡಿತ್ತು. ಈಗ ಅವರ ಜೊತೆ ಕೂತು ಕಲಿಯುತ್ತಿದೆ. ಯೂಟಾ ರಾಜ್ಯದ ಬೇರ್ಸ್ ಇಯರ್ಸ್ ಪ್ರದೇಶದ ನಿರ್ವಹಣೆಯಲ್ಲಿ ಐದು ಬುಡಕಟ್ಟುಗಳು ಸಹಭಾಗಿಗಳೆಂದು 2022ರ ಜೂನ್‌ನಲ್ಲಿ ಬಿಎಲ್‌ಎಂ ಮತ್ತು ಅರಣ್ಯ ಇಲಾಖೆ ಸಹಿ ಹಾಕಿದವು. ಸರ್ವಿಸ್ ಪುಸ್ತಕ ಇಲ್ಲದವರ ಅನುಭವಕ್ಕೂ ಸಂಬಳ ಸಿಗುವ ದಾರಿ ಆಗದಿದ್ದರೆ ಈ ಅನುದಾನಗಳು ಇಲಾಖೆಯ ಹಳಬರ ಮನೆಗಷ್ಟೇ ತಲುಪುತ್ತವೆ.

ಇದೇ ಪಾಠ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೆ. ಸೋಲಿಗರ ಹಿರಿಯರು ಬೇಸಿಗೆಯ ಆರಂಭದಲ್ಲಿ ಇಡುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನೆಲ್ಲ ಮುತ್ತಿತು ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಸಂಶೋಧಕರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಲಂಟಾನ ತೆಗೆಯುವ ಕೆಲಸಕ್ಕೆ ಹಣ ಬಂದಾಗ ಆ ಹಿರಿಯರು ದಿನಗೂಲಿಯವರ ಪಟ್ಟಿಯಲ್ಲಿ ಸೇರುವುದಕ್ಕಿಂತ ಕಲಿಸುವವರ ಪಟ್ಟಿಯಲ್ಲಿ ಸೇರುವುದು ನ್ಯಾಯ.

ಸರ್ವೆಯ ಮಾತಿಗೆ ಬಂದರೆ ನಮಗೂ ಅಮೆರಿಕಕ್ಕೂ ನಂಟು ಇನ್ನೂ ಹತ್ತಿರದ್ದು. ಅಲ್ಲಿನ ಅಳತೆಗಾರ ಎಳೆದ ಸರಪಳಿ 66 ಅಡಿ, ನಮ್ಮದು ಅದರ ಅರ್ಧ, 33 ಅಡಿ. ಆ ಅರ್ಧ ಸರಪಳಿಯ ಚೌಕವೇ ನಮ್ಮ ಗುಂಟೆ, ನಲವತ್ತು ಗುಂಟೆಗೆ ಎಕರೆ. ಅಲ್ಲಿ ಗುರುತಿನ ಮರ ಇದ್ದಂತೆ ಇಲ್ಲಿ ಬಾಂದು ಕಲ್ಲು. ಗೋಮಾಳ, ಕೆರೆಯಂಗಳ, ಖರಾಬು ಜಮೀನುಗಳ ಗಡಿ ಇಂದು ಎಷ್ಟೋ ಊರುಗಳಲ್ಲಿ ತಕರಾರಿನಲ್ಲಿದೆ. ಹಳೆಯ ಟಿಪ್ಪಣಿ ಓದಿ, ಆಕಾರ್‌ಬಂದ್ ಜೊತೆ ತಾಳೆ ನೋಡಿ, ಪೊದೆಯೊಳಗೆ ನುಗ್ಗಿ ಕಲ್ಲು ಇಂಥಲ್ಲೇ ಇರಬೇಕು ಎಂದು ತೋರಿಸಬಲ್ಲ ಸರ್ವೆಯರುಗಳು 60 ತುಂಬಿದ ದಿನ ಶಾಲು, ಹಾರ, ಫಲತಾಂಬೂಲ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಹಿಂದಿನ ಮುಂಬೈ ಕರ್ನಾಟಕದ ಮೋಡಿ ಲಿಪಿಯ ದಾಖಲೆಗಳನ್ನು ಓದಬಲ್ಲವರಂತೂ ಬೆರಳೆಣಿಕೆಯಷ್ಟು. ಸಾರ್ವಜನಿಕ ಜಮೀನಿನ ಒತ್ತುವರಿ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ ರಾಜ್ಯದ ಮುಂದಿಟ್ಟವರೂ ಒಬ್ಬ ನಿವೃತ್ತರೇ: ಐಎಎಸ್ ಅಧಿಕಾರಿಯಾಗಿದ್ದ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ 2011ರಲ್ಲಿ ಕೊಟ್ಟ ವರದಿಯ ಪ್ರಕಾರ ಒತ್ತುವರಿ ಹತ್ತು ಲಕ್ಷ ಎಕರೆಗೂ ಹೆಚ್ಚು. ಅಷ್ಟು ನಿಷ್ಠುರವಾಗಿ ಬರೆಯಲು ಬಡ್ತಿಯ ಆಸೆ, ವರ್ಗಾವಣೆಯ ಭಯ ಇಲ್ಲದ ಸ್ಥಿತಿಯೂ ನೆರವಾಗಿರಬೇಕು. ಹಿರಿಯರನ್ನು ಕರೆಯಬೇಕೆನ್ನಲು ಅದೂ ಒಂದು ಕಾರಣ.

ಅಮೆರಿಕದ ಅನುಭವದಿಂದ ನಾವು ತೆಗೆದುಕೊಳ್ಳಬೇಕಾದದ್ದು ಯೋಜನೆಯ ಹೆಸರನ್ನಲ್ಲ, ಅದರ ಶರತ್ತುಗಳನ್ನು ಮತ್ತು ಆ ಶರತ್ತುಗಳಲ್ಲಿ ಉಳಿದ ಕಿಂಡಿಯ ಎಚ್ಚರವನ್ನು. ಪ್ರತಿ ತಾಲ್ಲೂಕಿಗೆ ಒಬ್ಬ ನಿವೃತ್ತ ಸರ್ವೆಯರ್, ಕೆರೆ ಇರುವಲ್ಲಿ ತೂಬಿನ ಗುಟ್ಟು ಬಲ್ಲ ಒಬ್ಬ ನೀರಗಂಟಿ, ಕಾಡಂಚಿನಲ್ಲಿ ಒಬ್ಬ ಹಳೆಯ ವಾಚರ್ ಅಥವಾ ಬುಡಕಟ್ಟಿನ ಹಿರಿಯರು: ಇವರನ್ನು ಎರಡು ವರ್ಷದ ಮಟ್ಟಿಗೆ ಮರ್ಯಾದೆಯ ಸಂಬಳ ಕೊಟ್ಟು ಕರೆಯಲಿ. ಒಬ್ಬೊಬ್ಬರ ಜೊತೆಗೂ ಇಬ್ಬರು ಕಾಯಂ ಕಿರಿಯ ನೌಕರರನ್ನು ಹೆಸರು ಬರೆದು ಜೋಡಿಸಲಿ. ಬಿಸಿಲಲ್ಲಿ ಬೆಟ್ಟ ಹತ್ತಬೇಕಾದ ಕೆಲಸವನ್ನು ಕಿರಿಯರು ಮಾಡಲಿ, ಹಿರಿಯರ ಆರೋಗ್ಯದ ಹೊಣೆಯನ್ನು ಸರ್ಕಾರ ಹೊರಲಿ. ಕಾಯಂ ಹುದ್ದೆ ತುಂಬದ ತಾಲ್ಲೂಕಿಗೆ ಈ ಹಣ ಒಂದು ರೂಪಾಯಿಯೂ ಹೋಗಬಾರದು.